ನಾಯಿಯಿಂದ ಬಂದ ಔಷಧಿ ನಾಯಿಗೆ ಮರಳಿದ ಕಥೆ

ವಯಸ್ಸಾದ ಸಾಕುನಾಯಿಯೊಂದು ಇದ್ದಕ್ಕಿದ್ದಂತೆ ವಿಪರೀತ ನೀರು ಕುಡಿಯಲು ತೊಡಗುತ್ತದೆ. ಬೆಳಿಗ್ಗೆ ತುಂಬಿಟ್ಟ ಬೋಗುಣಿ ಮಧ್ಯಾಹ್ನಕ್ಕೆ ಮುಂಚೆಯೇ ಬರಿದಾಗಿರುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು, ಹೊರಗೆ ಬಿಡಿರೆಂದು ಬಾಗಿಲು ಕೆರೆಯುತ್ತದೆ. ಎಷ್ಟು ಹಾಕಿದರೂ ಹಸಿವು ತಣಿಯದು. ತಟ್ಟೆಯನ್ನು ನೆಕ್ಕಿ ಮುಗಿಸಿ ಮತ್ತೆ ಮನೆಯವರ ಮುಖ ನೋಡುತ್ತದೆ. ಹೊಟ್ಟೆ ಜೋತುಬಿದ್ದು, ಕಾಲುಗಳು ಸಣ್ಣಗಾಗಿ, ಎರಡು ಪಕ್ಕೆಗಳ ಮೇಲೂ ಕೂದಲು ಉದುರಿ, ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. ಸುಮ್ಮನೆ ಮಲಗಿದ್ದಾಗಲೂ ತೇಕುತ್ತದೆ. ಮನೆಯವರು ಇದನ್ನೆಲ್ಲ ಕಂಡು, "ಪಾಪ, ವಯಸ್ಸಾಯಿತು" ಎಂದು ಸುಮ್ಮನಾಗುತ್ತಾರೆ. ಬಹುಕಾಲದವರೆಗೆ ಪಶುವೈದ್ಯರೂ ಹೇಳುತ್ತಿದ್ದುದು ಹೆಚ್ಚುಕಡಿಮೆ ಇದೇ ಮಾತನ್ನು.

ಆದರೆ ಇದು ಬರಿಯ ವಯಸ್ಸಲ್ಲ, ರೋಗ. ಇದಕ್ಕೆ ಕುಷಿಂಗ್ ರೋಗವೆಂಬ ಹೆಸರುಂಟು, ಕಾರಣವುಂಟು, ಔಷಧಿಯೂ ಉಂಟು. ಆ ಔಷಧಿ ಎಲ್ಲಿಂದ ಬಂತು, ನಾಯಿಗೆ ಅದು ಎಷ್ಟು ಆಯುಸ್ಸನ್ನು ಕೊಟ್ಟಿತು ಎಂಬುದು ಪಶುವೈದ್ಯರು ಮಾತ್ರ ಓದಬೇಕಾದ ವಿಷಯವೆಂದು ತೋರಬಹುದು. ಹಾಗಲ್ಲ. ಮನುಷ್ಯನ ವೈದ್ಯಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ನಾಯಿಗಳ ಪ್ರಾಣದ ಮೇಲೆ ಬರೆಯಲ್ಪಟ್ಟದ್ದು. ಆ ಅಧ್ಯಾಯದಲ್ಲಿ ದೊರೆತ ಫಲ ನಾಯಿಗೆ ಮರಳಿ ಬರಲು ಎಷ್ಟು ಕಾಲ ಹಿಡಿಯಿತು, ಬಂದಾಗ ಯಾವ ರೂಪದಲ್ಲಿ ಬಂತು ಎಂಬುದೇ ಈ ಲೇಖನದ ವಸ್ತು.

ಎರಡು ಮೂತ್ರಪಿಂಡಗಳ ನೆತ್ತಿಯ ಬಳಿ ಟೋಪಿಗಳಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳಿವೆ. ಇವಕ್ಕೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಇಟಲಿಯ ಯುಸ್ಟೇಕಿಯಸ್ ಎಂಬ ಅಂಗರಚನಾಶಾಸ್ತ್ರಜ್ಞ ಹದಿನಾರನೆಯ ಶತಮಾನದಲ್ಲಿಯೇ ಇವನ್ನು ಗುರುತಿಸಿ ವರ್ಣಿಸಿದ್ದ. ಆದರೆ ಇವು ಅಲ್ಲಿ ಏಕಿವೆ ಎಂಬುದು ಸುಮಾರು ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದ. ದಿನದಿನಕ್ಕೆ ನಿತ್ರಾಣರಾಗಿ, ಊಟ ಸೇರದೆ, ಚರ್ಮ ಕಪ್ಪಿಟ್ಟು, ಕಡೆಗೆ ಸತ್ತುಹೋದ ರೋಗಿಗಳ ಶವಗಳನ್ನು ಪರೀಕ್ಷಿಸಿದಾಗ ಈ ಗ್ರಂಥಿಗಳು ಕೆಟ್ಟುಹೋಗಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಈ ರೋಗಕ್ಕೆ ಇಂದಿಗೂ ಅಡಿಸನ್ನನ ಹೆಸರೇ ಉಳಿದಿದೆ.

ಗ್ರಂಥಿ ಕೆಟ್ಟದ್ದರಿಂದಲೇ ರೋಗಿ ಸತ್ತನೆ, ಅಥವಾ ಸಾಯುವ ರೋಗಿಯಲ್ಲಿ ಗ್ರಂಥಿಯೂ ಕೆಟ್ಟಿತೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆರೋಗ್ಯವಾಗಿರುವ ಪ್ರಾಣಿಯ ಗ್ರಂಥಿಯನ್ನು ತೆಗೆದು ನೋಡಬೇಕು. ಮರುವರ್ಷವೇ, ಎಂದರೆ 1856ರಲ್ಲಿ, ಮಾರಿಷಸ್ಸಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಬ್ರೌನ್-ಸೆಕಾರ್ ಎಂಬಾತ ಈ ಕೆಲಸಕ್ಕೆ ಕೈಹಾಕಿದ. ನಾಯಿ, ಬೆಕ್ಕು, ಮೊಲ ಮೊದಲಾದ ಪ್ರಾಣಿಗಳ ಎರಡು ಗ್ರಂಥಿಗಳನ್ನೂ ಕೊಯ್ದು ತೆಗೆದ. ಒಂದೂ ಉಳಿಯಲಿಲ್ಲ. ಈ ಪುಟ್ಟ ಗ್ರಂಥಿಗಳಿಲ್ಲದೆ ಜೀವವಿಲ್ಲವೆಂದು ಆತ ಸಾರಿದ. ಶಸ್ತ್ರಕ್ರಿಯೆಯ ಆಘಾತದಿಂದಲೇ ಅವು ಸತ್ತಿರಬಹುದೆಂದು ಇತರರು ವಾದಿಸಿದರು. ವಾದ ಬಹುಕಾಲ ನಡೆಯಿತು. ಆದರೆ ಬ್ರೌನ್-ಸೆಕಾರ್ ಹೇಳಿದ ಮಾತು ಮೂಲತಃ ನಿಜವಾಗಿತ್ತು.

ಗ್ರಂಥಿಯೊಂದು ದೂರದ ಅಂಗವನ್ನು ಹೇಗೆ ಆಳುತ್ತದೆ? ಅದಕ್ಕೆ ಉತ್ತರ ಸಿಕ್ಕಿದ್ದೂ ನಾಯಿಯಲ್ಲಿಯೇ. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣ ಕರುಳಿನ ನರಗಳನ್ನೆಲ್ಲ ಕಡಿದು, ಆ ಕರುಳಿಗೆ ಆಮ್ಲವನ್ನು ಬಿಟ್ಟರು. ನರದ ತಂತಿ ಕಡಿದಿದ್ದರೂ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸಿತು. ಸುದ್ದಿ ಹೋದದ್ದು ತಂತಿಯ ಮೂಲಕವಲ್ಲ, ರಕ್ತದ ಮೂಲಕ! ಅಂಚೆಯವನಂತೆ ರಕ್ತದಲ್ಲಿ ಸಂಚರಿಸಿ ಅಪ್ಪಣೆಯನ್ನು ತಲುಪಿಸುವ ಇಂಥ ರಾಸಾಯನಿಕ ದೂತನಿಗೆ 1905ರಲ್ಲಿ ಸ್ಟಾರ್ಲಿಂಗ್ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದ. ಗ್ರೀಕಿನಲ್ಲಿ ಅದಕ್ಕೆ ಚೋದಿಸು, ಎಬ್ಬಿಸು ಎಂಬ ಅರ್ಥವಿದೆ.

ಈ ಬೇಲಿಸನ ಹೆಸರು ಇನ್ನೊಂದು ಪ್ರಕರಣದಲ್ಲಿಯೂ ಬರುತ್ತದೆ. 1903ರ ಫೆಬ್ರವರಿಯಲ್ಲಿ ಆತ ವಿದ್ಯಾರ್ಥಿಗಳ ಮುಂದೆ ಕಂದುಬಣ್ಣದ ನಾಯಿಯೊಂದರ ಮೇಲೆ ಪ್ರಯೋಗವನ್ನು ತೋರಿಸಿದ. ಪ್ರಾಣಿಪ್ರಯೋಗವನ್ನು ವಿರೋಧಿಸುತ್ತಿದ್ದ ಇಬ್ಬರು ಸ್ವೀಡನ್ ಮಹಿಳೆಯರು ಅಲ್ಲಿ ಕುಳಿತಿದ್ದರು. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲವೆಂದು ಅವರ ಆಪಾದನೆ. ಅದನ್ನು ಬಹಿರಂಗ ಸಭೆಯಲ್ಲಿ ಸಾರಿದವರ ಮೇಲೆ ಬೇಲಿಸ್ ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದ. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್ಸಿಯಲ್ಲಿ ಆ ನಾಯಿಯ ಹೆಸರಿನಲ್ಲಿ ಒಂದು ಪ್ರತಿಮೆಯನ್ನೇ ನಿಲ್ಲಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಒಡೆಯಲು ಬಂದರು, ಬೀದಿಯಲ್ಲಿ ಗಲಭೆಗಳಾದವು, 1910ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ಸಾಗಿಸಬೇಕಾಯಿತು. 1985ರಲ್ಲಿ ಮತ್ತೊಂದು ಪ್ರತಿಮೆ ಬ್ಯಾಟರ್ಸಿಯಲ್ಲಿ ನಿಂತಿತು. ನಾಯಿಯ ಋಣದ ಪ್ರಶ್ನೆ ಹಾರ್ಮೋನಿನ ಶಾಸ್ತ್ರದಷ್ಟೇ ಹಳೆಯದೆಂದು ತಿಳಿಯಲು ಈ ಪ್ರಕರಣ ಸಾಕು.

ಋಣದ ಲೆಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಬಾಬತ್ತು ಸಕ್ಕರೆ ಕಾಯಿಲೆಯದು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದರು. ನಾಯಿಗೆ ಸಕ್ಕರೆ ಕಾಯಿಲೆ ಬಂತು. 1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂಥ ನಾಯಿಗಳಿಗೆ ಗ್ರಂಥಿಯ ಸಾರವನ್ನು ಚುಚ್ಚಿ ಬದುಕಿಸಲು ಹೆಣಗಿದರು. ಮಾರ್ಜರಿ ಎಂಬ ನಾಯಿ ಸುಮಾರು 70 ದಿನ ಬದುಕಿತು. 1922ರ ಜನವರಿಯಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಶುದ್ಧಗೊಳಿಸಿದ ಇನ್ಸುಲಿನ್ ಕೊಟ್ಟಾಗ ಅವನು ಚೇತರಿಸಿಕೊಂಡ. ಈ ಕಥೆ ಪ್ರಸಿದ್ಧವಾದದ್ದು. ಆದ್ದರಿಂದ ಇಲ್ಲಿಗೆ ಬಿಟ್ಟು ಅಡ್ರಿನಲ್ ಗ್ರಂಥಿಗೆ ಹಿಂತಿರುಗೋಣ.

ಅಡ್ರಿನಲ್ ಗ್ರಂಥಿಯಲ್ಲಿ ಒಳತಿರುಳು, ಹೊರಪದರ ಎಂದು ಎರಡು ಭಾಗ. ಜೀವಕ್ಕೆ ಅತ್ಯವಶ್ಯಕವಾದದ್ದು ಹೊರಪದರ. ಗ್ರಂಥಿಗಳೆರಡನ್ನೂ ಕಳೆದುಕೊಂಡ ನಾಯಿಗಳಿಗೆ ಹೊರಪದರದ ಸಾರವನ್ನು ಕೊಟ್ಟರೆ ಹೆಚ್ಚು ದಿನ ಬದುಕುತ್ತವೆಯೆ ಎಂಬುದನ್ನು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೋಗೋಫ್ ಮತ್ತು ಸ್ಟೂವರ್ಟ್ ದಿನದಿನವೂ ಎಣಿಸಿ ನೋಡಿ 1928ರ ಸುಮಾರಿಗೆ ಪ್ರಕಟಿಸಿದರು. ಸಾರ ಪಡೆದ ನಾಯಿಗಳು ಪಡೆಯದವುಗಳಿಗಿಂತ ಹೆಚ್ಚು ಕಾಲ ಉಳಿದವು. ಸ್ವಿಂಗಲ್ ಮತ್ತು ಫಿಫ್ನರ್ ಎಂಬವರು ತಯಾರಿಸಿದ ಇನ್ನೂ ಬಲವಾದ ಸಾರವನ್ನು 1930ರಲ್ಲಿ ಮೇಯೋ ಕ್ಲಿನಿಕ್ಕಿನಲ್ಲಿ ಅಡಿಸನ್ ರೋಗಿಗಳಿಗೆ ಕೊಡಲಾಯಿತು. ಅಲ್ಲಿಯವರೆಗೆ ಆ ರೋಗಕ್ಕೆ ಮದ್ದೆಂಬುದೇ ಇರಲಿಲ್ಲ.

ನಾಯಿ ಎಷ್ಟು ದಿನ ಬದುಕಿತು ಎಂಬ ಎಣಿಕೆ ಆಗ ಒಂದು ಅಳತೆಗೋಲು ಮಾತ್ರವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ನಾಯಿ ಬದುಕಲಿ ಎಂಬುದು ಅದರ ಉದ್ದೇಶವಲ್ಲ. ಸಾರಕ್ಕೆ ಶಕ್ತಿ ಇದೆಯೆ ಎಂಬುದನ್ನು ತಿಳಿಯುವುದು ಉದ್ದೇಶ. ನಾಯಿಯ ಆಯುಸ್ಸನ್ನು ನಾಯಿಗಾಗಿಯೇ ಎಣಿಸುವ ಕಾಲ ಬರಲು ಇನ್ನೂ ನಲವತ್ತು ಐವತ್ತು ವರ್ಷ ಬೇಕಾಗಿತ್ತು.

ಇಷ್ಟು ಹೊತ್ತಿಗೆ ಕೊರತೆಯ ಕಥೆಯಾಯಿತು. ಇದೇ ಗ್ರಂಥಿ ಅತಿಯಾಗಿ ದುಡಿದರೆ ಏನಾಗುತ್ತದೆ? ಅಮೆರಿಕದ ಪ್ರಸಿದ್ಧ ಮಿದುಳಿನ ಶಸ್ತ್ರವೈದ್ಯ ಹಾರ್ವಿ ಕುಷಿಂಗ್ 1912ರಲ್ಲಿ ಇಂಥ ರೋಗಿಯೊಬ್ಬಳನ್ನು ವರ್ಣಿಸಿದ. ದುಂಡನೆಯ ಮುಖ, ದಪ್ಪ ಹೊಟ್ಟೆ, ಬಡಕಲು ಕೈಕಾಲು. 1932ರಲ್ಲಿ ಅಂಥ ಹಲವು ರೋಗಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ, ಮಿದುಳಿನ ಬುಡದಲ್ಲಿರುವ ಪಿಟ್ಯುಯಿಟರಿ ಎಂಬ ಗ್ರಂಥಿಯ ಸಣ್ಣ ಗೆಡ್ಡೆಯೇ ಇದಕ್ಕೆ ಮೂಲವೆಂದು ಹೇಳಿದ. ಪಿಟ್ಯುಯಿಟರಿ ಯಜಮಾನನಂತೆ ಅಪ್ಪಣೆ ಕೊಡುತ್ತದೆ. ಅಡ್ರಿನಲ್ ಗ್ರಂಥಿ ಆಳಿನಂತೆ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಗೆಡ್ಡೆ ಬೆಳೆದ ಯಜಮಾನ ಅಪ್ಪಣೆಯನ್ನು ನಿಲ್ಲಿಸುವುದೇ ಇಲ್ಲ. ಆಳು ದುಡಿಯುವುದನ್ನೂ ನಿಲ್ಲಿಸುವಂತಿಲ್ಲ. ಕೆಲವು ವೇಳೆ ಗೆಡ್ಡೆ ಅಡ್ರಿನಲ್ ಗ್ರಂಥಿಯಲ್ಲಿಯೇ ಬೆಳೆಯುವುದೂ ಉಂಟು. ನಾಯಿಗಳಲ್ಲಿ ಈ ರೋಗ ಕಂಡಾಗ 100ಕ್ಕೆ ಸುಮಾರು 85ರಲ್ಲಿ ತಪ್ಪು ಪಿಟ್ಯುಯಿಟರಿಯದು, ಉಳಿದವುಗಳಲ್ಲಿ ಅಡ್ರಿನಲ್ಲಿನದು.

ಮನುಷ್ಯರ ಈ ಎರಡು ರೋಗಗಳೂ ನಾಯಿಗಳಿಗೆ ತಾವಾಗಿಯೇ ಬರುತ್ತವೆಂಬುದು ಪಶುವೈದ್ಯರಿಗೆ ತಡವಾಗಿ ಹೊಳೆಯಿತು. ಅಡ್ರಿನಲ್ ಹೊರಪದರ ತಾನಾಗಿಯೇ ಸೊರಗಿಹೋಗಿದ್ದ ಮೂರು ನಾಯಿಗಳ ವಿವರವನ್ನು ಅಮೆರಿಕದ ಹ್ಯಾಡ್ಲೋ ಪ್ರಕಟಿಸಿದ್ದು 1953ರಲ್ಲಿ. ಅಡಿಸನ್ನನ ಗ್ರಂಥ ಬಂದು ಆಗಲೇ 98 ವರ್ಷಗಳಾಗಿದ್ದವು. ಆ ನೂರು ವರ್ಷಗಳಲ್ಲಿ ಎಷ್ಟೋ ನಾಯಿಗಳ ಗ್ರಂಥಿಗಳನ್ನು ಕೈಯಾರೆ ತೆಗೆದು ರೋಗ ಬರಿಸಿದ್ದರು; ತಾನಾಗಿ ಬಂದ ರೋಗವನ್ನು ಮಾತ್ರ ಗುರುತಿಸಿರಲಿಲ್ಲ.

ಇನ್ನು ಔಷಧಿಯ ವಿಚಾರ. ಈ ಔಷಧಿಯ ಮೂಲವನ್ನು ಹುಡುಕುತ್ತ ಹೋದರೆ ನಾವು ಔಷಧಾಲಯಕ್ಕೆ ಹೋಗುವುದಿಲ್ಲ. ಸೊಳ್ಳೆಯ ಬಳಿಗೆ ಹೋಗುತ್ತೇವೆ.

1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರ್ ಡಿ.ಡಿ.ಟಿ.ಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಡಿ.ಡಿ.ಟಿ. ನಮ್ಮ ನಾಡಿಗೂ ಅಪರಿಚಿತವಲ್ಲ. 1946ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಹತೋಟಿಗೆ ತಂದರು. ಮಲೆನಾಡಿನ ಚಳಿಜ್ವರಕ್ಕೆ ಹೆದರಿ ಊರು ಬಿಡುತ್ತಿದ್ದ ಸೀಮೆಯದು. 1953ರಲ್ಲಿ ಭಾರತವೆಲ್ಲಕ್ಕೂ ಮಲೇರಿಯ ನಿಯಂತ್ರಣದ ಯೋಜನೆ ಹಾಕಿಕೊಂಡಾಗ ಇಂಥ ಪ್ರಯೋಗಗಳ ಅನುಭವ ಬೆನ್ನಿಗಿತ್ತು.

ಡಿ.ಡಿ.ಟಿ.ಗೆ ಡಿ.ಡಿ.ಡಿ. ಎಂಬ ಸೋದರನೊಂದುಂಟು. ರಚನೆಯಲ್ಲಿ ಒಂದು ಕ್ಲೋರಿನ್ ಪರಮಾಣು ಮಾತ್ರ ಕಡಮೆ. ಇದೂ ಕೀಟನಾಶಕವೇ. ಕೀಟಕ್ಕೆ ಹಾಕುವ ವಿಷ ಅನ್ನದೊಡನೆ ಮನುಷ್ಯನ ಹೊಟ್ಟೆ ಸೇರಿದರೆ ಏನಾದೀತು ಎಂದು ಪರೀಕ್ಷಿಸುವುದು ಆಗ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತದ ಕೆಲಸವಾಗಿತ್ತು. ಅಲ್ಲಿನ ನೆಲ್ಸನ್ ಮತ್ತು ವುಡರ್ಡ್ ನಾಯಿಗಳಿಗೆ ಡಿ.ಡಿ.ಡಿ. ತಿನ್ನಿಸಿ ನೋಡಿದರು. 1949ರಲ್ಲಿ ಅವರು ಪ್ರಕಟಿಸಿದ ವರದಿ ವಿಚಿತ್ರವಾಗಿತ್ತು. ಯಕೃತ್ತಿಗೆ ಹಾನಿಯಾಗಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅಡ್ರಿನಲ್ ಗ್ರಂಥಿಯ ಹೊರಪದರ ಕರಗಿ ಸೊರಗಿಹೋಗಿತ್ತು. ಕೈಯಲ್ಲಿ ಕತ್ತಿ ಹಿಡಿಯದೆ ಬ್ರೌನ್-ಸೆಕಾರನ ಶಸ್ತ್ರಕ್ರಿಯೆಯನ್ನು ಈ ಪುಡಿ ಮಾಡಿ ಮುಗಿಸಿತ್ತು! ಇಲಿಗಳಲ್ಲಿ ಇಂಥ ಪರಿಣಾಮ ಕಾಣುವುದಿಲ್ಲ. ಇಲಿಗಳ ಮೇಲೆ ಮಾತ್ರ ಪರೀಕ್ಷೆ ಮಾಡಿದ್ದರೆ ಈ ಗುಣ ಬೆಳಕಿಗೆ ಬರುತ್ತಲೇ ಇರಲಿಲ್ಲವೇನೋ.

ಅದೇ 1949ರಲ್ಲಿ ಕ್ಯಾಲಿಫೋರ್ನಿಯದ ಕ್ಲಿಯರ್ ಸರೋವರದಲ್ಲಿ ನೊರಜುಗಳ ಕಾಟ ತಪ್ಪಿಸಲು ಇದೇ ಡಿ.ಡಿ.ಡಿ.ಯನ್ನು ನೀರಿಗೆ ಸುರಿದರು. ವಿಷ ಮೀನಿನಿಂದ ಹಕ್ಕಿಗೆ ಏರಿ, ಮುಂದಿನ ವರ್ಷಗಳಲ್ಲಿ ಅಲ್ಲಿನ ಮುಳುಗುಹಕ್ಕಿಗಳು ಸತ್ತವು. 1962ರಲ್ಲಿ ರೇಚಲ್ ಕಾರ್ಸನ್ ತನ್ನ ಹೆಸರಾಂತ ಪುಸ್ತಕದಲ್ಲಿ ಈ ಸರೋವರದ ಕಥೆಯನ್ನು ಜಗತ್ತಿಗೆಲ್ಲ ತಿಳಿಸಿದಳು. ಒಂದೇ ವಸ್ತು, ಒಂದೇ ವರ್ಷ. ಒಂದು ಕಡೆ ಸರೋವರಕ್ಕೆ ವಿಷವಾಯಿತು, ಇನ್ನೊಂದು ಕಡೆ ಔಷಧಿಯ ಬೀಜವಾಯಿತು.

ಬೀಜವೆಂದೆ, ಏಕೆಂದರೆ ಅತಿಯಾಗಿ ದುಡಿಯುವ ಗ್ರಂಥಿಯನ್ನು ಸೊರಗಿಸುವ ವಸ್ತು ಬೇಕೆಂದು ವೈದ್ಯರು ಹುಡುಕುತ್ತಲೇ ಇದ್ದರು. 1958ರಲ್ಲಿ ಈ ಪುಡಿಯೊಳಗಿನ ನಿಜವಾದ ಕೆಲಸಗಾರ ಯಾವ ಅಂಶವೆಂಬುದನ್ನು ಬೇರ್ಪಡಿಸಿದರು. ಇದೇ ಮುಂದೆ ಮೈಟೊಟೇನ್ ಎಂದು ಹೆಸರಾಯಿತು. 1960ರ ಸುಮಾರಿಗೆ ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಇದ್ದ ಮನುಷ್ಯರಿಗೆ ಕೊಟ್ಟು ನೋಡಿದರು. 1970ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹೀಗೆ ನಾಯಿಯ ಮೇಲೆ ಕಂಡ ಗುಣ ಮೊದಲು ಮನುಷ್ಯನಿಗೆ ಉಪಯೋಗವಾಯಿತು. ನಾಯಿಯ ಸರದಿ ಬಂದದ್ದು 1973ರಲ್ಲಿ. ಕ್ಯಾಲಿಫೋರ್ನಿಯದ ಪಶುವೈದ್ಯರಾದ ಷೆಕ್ಟರ್ ಮತ್ತು ಸಂಗಡಿಗರು ಕುಷಿಂಗ್ ರೋಗ ಬಂದ ನಾಯಿಗಳಿಗೆ ಈ ಔಷಧಿಯನ್ನು ಕೊಟ್ಟ ವಿವರ ಆ ವರ್ಷ ಪ್ರಕಟವಾಯಿತು. ನೆಲ್ಸನ್, ವುಡರ್ಡರ ನಾಯಿಗಳಿಂದ ಷೆಕ್ಟರರ ನಾಯಿಗಳವರೆಗೆ 24 ವರ್ಷ.

ಈ ಔಷಧಿಯನ್ನು ಕೊಡುವ ಕ್ರಮ ನೋಡುವಂಥದು. ಮೊದಲು ದಿನಂಪ್ರತಿ ಗುಳಿಗೆ ಕೊಡಬೇಕು. ಎಲ್ಲಿಯವರೆಗೆ? ಅದನ್ನು ಹೇಳುವುದು ಗಡಿಯಾರವಲ್ಲ, ಅನ್ನದ ತಟ್ಟೆ. ಇದುವರೆಗೆ ಹಸಿದ ತೋಳದಂತೆ ಮುಕ್ಕುತ್ತಿದ್ದ ನಾಯಿ ಒಂದು ದಿನ ತಟ್ಟೆಯ ಮುಂದೆ ತಡೆದು ನಿಲ್ಲುತ್ತದೆ, ಅಥವಾ ನಡುವೆ ತಲೆಯೆತ್ತಿ ನೋಡುತ್ತದೆ. ಬೋಗುಣಿಯ ನೀರು ಎಂದಿನಷ್ಟು ಬೇಗ ಬರಿದಾಗುವುದಿಲ್ಲ. ಅದೇ ಗುರುತು. ಅಲ್ಲಿಗೆ ನಿಲ್ಲಿಸಿ, ರಕ್ತಪರೀಕ್ಷೆ ಮಾಡಿಸಿ, ಅನಂತರ ವಾರಕ್ಕಿಷ್ಟು ಎಂದು ಕೊಡಬೇಕು. ಆ ಗುರುತನ್ನು ಕಾಣದೆ ಇನ್ನೂ ನಾಲ್ಕು ದಿನ ಮುಂದುವರಿಸಿದರೆ ಗ್ರಂಥಿ ಪೂರ್ತಿ ಸೊರಗಿ, ವಾಂತಿ, ಭೇದಿ, ನಿತ್ರಾಣ. ಕುಷಿಂಗನ ರೋಗದಿಂದ ಹೊರಟ ನಾಯಿ ಅಡಿಸನ್ನನ ರೋಗಕ್ಕೆ ಬಂದು ಬೀಳುತ್ತದೆ. ಅತಿಯಿಂದ ಕೊರತೆಗೆ ಇರುವ ದೂರ ಕೆಲವೇ ಗುಳಿಗೆಗಳದು. ಆದ್ದರಿಂದ ಆಸ್ಪತ್ರೆಯ ಯಂತ್ರಕ್ಕಿಂತ ಮನೆಯಲ್ಲಿ ಅನ್ನ ಹಾಕುವವರ ಕಣ್ಣೇ ಇಲ್ಲಿ ದೊಡ್ಡ ರಕ್ಷೆ.

ಗ್ರಂಥಿಯನ್ನು ಕೊಲ್ಲದೆ ಅದರ ಕೈಯನ್ನು ಮಾತ್ರ ಹಿಡಿಯುವ ಔಷಧಿ ಇದ್ದರೆ ಚೆನ್ನಲ್ಲವೆ? ಟ್ರೈಲೋಸ್ಟೇನ್ ಎಂಬುದು ಆ ಬಗೆಯದು. ಕಾರ್ಟಿಸೋಲ್ ತಯಾರಾಗುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವವನ್ನು ಇದು ತಡೆಹಿಡಿಯುತ್ತದೆ. ಔಷಧಿಯ ಪ್ರಭಾವ ಇಳಿದಾಗ ಗ್ರಂಥಿ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಇದನ್ನು ಮೊದಲು ಮನುಷ್ಯರಿಗಾಗಿಯೇ ತಯಾರಿಸಿದ್ದರು. ಮನುಷ್ಯರಲ್ಲಿ ಅಷ್ಟೇನೂ ಹೆಸರು ಮಾಡಲಿಲ್ಲ. ನಾಯಿಗಳಲ್ಲಿ ಕೆಲಸ ಮಾಡಿತು. 78 ನಾಯಿಗಳ ಚಿಕಿತ್ಸೆಯ ವರದಿ 2002ರಲ್ಲಿ ಬ್ರಿಟನ್ನಿನ ಪಶುವೈದ್ಯ ಪತ್ರಿಕೆಯಲ್ಲಿ ಬಂತು. 2008ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ನಾಯಿಗಳಿಗೆಂದೇ ಇದಕ್ಕೆ ಅನುಮತಿ ಕೊಟ್ಟಿತು. ಗ್ರಂಥಿ ಮರಳಿ ಎಚ್ಚರಗೊಳ್ಳುವುದೆಂದ ಮಾತ್ರಕ್ಕೆ ಇದು ನಿರಪಾಯವೆಂದು ತಿಳಿಯಬಾರದು. ಪ್ರಮಾಣ ಮೀರಿದರೆ ಇದರಿಂದಲೂ ಅದೇ ಕೊರತೆ. ಅಪರೂಪಕ್ಕೆ ಗ್ರಂಥಿಯೇ ಸತ್ತುಹೋಗುವುದೂ ಉಂಟು. ಗರ್ಭಿಣಿಯರು ಈ ಔಷಧಿಗಳನ್ನು ಕೈಯಿಂದ ಮುಟ್ಟಬಾರದು.

ಈಗ ಆಯುಸ್ಸಿನ ಲೆಕ್ಕ. ಎರಡು ಔಷಧಿಗಳಲ್ಲಿ ಯಾವುದರಿಂದ ನಾಯಿ ಹೆಚ್ಚು ಬದುಕುತ್ತದೆ? 2005ರಲ್ಲಿ ಬ್ರಿಟನ್ನಿನಿಂದ ಬಂದ ಲೆಕ್ಕದಲ್ಲಿ 148 ನಾಯಿಗಳಿದ್ದವು. ಬದುಕಿದ ದಿನಗಳ ಕ್ರಮದಲ್ಲಿ ಅವನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ನಟ್ಟನಡುವೆ ನಿಲ್ಲುವ ನಾಯಿಯ ದಿನಗಳನ್ನು ಮಧ್ಯಾಂಕವೆನ್ನುತ್ತಾರೆ. ಮೈಟೊಟೇನ್ ಪಡೆದವುಗಳ ಮಧ್ಯಾಂಕ 708 ದಿನ. ಟ್ರೈಲೋಸ್ಟೇನ್ ಪಡೆದವುಗಳದು 662 ದಿನ. ನೋಡಲು 46 ದಿನದ ಅಂತರವಿದ್ದರೂ ಲೆಕ್ಕಶಾಸ್ತ್ರದ ತಕ್ಕಡಿಯಲ್ಲಿ ಎರಡೂ ಸಮ. 2007ರಲ್ಲಿ ಸ್ಪೇನಿನ ಲೆಕ್ಕ ಬಂತು. ಅಲ್ಲಿ ಟ್ರೈಲೋಸ್ಟೇನನ್ನು ದಿನಕ್ಕೆ ಎರಡು ಸಲ ಕೊಟ್ಟಿದ್ದರು. ಮೈಟೊಟೇನನ್ನು ಗ್ರಂಥಿಯ ಹೊರಪದರ ಪೂರ್ತಿ ನಾಶವಾಗುವಂತೆ ಕೊಟ್ಟಿದ್ದರು. ಟ್ರೈಲೋಸ್ಟೇನ್ 900 ದಿನ, ಮೈಟೊಟೇನ್ 720 ದಿನ. ಸ್ಥೂಲವಾಗಿ ಹೇಳುವುದಾದರೆ, ಯಾವುದನ್ನು ಕೊಟ್ಟರೂ ಎರಡು ವರ್ಷದ ಆಸುಪಾಸು.

ಎರಡು ವರ್ಷವೇ, ಇಷ್ಟಕ್ಕೆ ಇಷ್ಟೆಲ್ಲ ಪಾಡೆ ಎಂದು ಕೇಳುವವರುಂಟು. ಮಧ್ಯಾಂಕವನ್ನು ಓದುವಾಗ ಎರಡು ವಿಷಯ ನೆನಪಿಡಬೇಕು. ಮೊದಲನೆಯದಾಗಿ, ಅದು ಯಾವ ಒಂದು ನಾಯಿಯ ಜಾತಕವೂ ಅಲ್ಲ. ಮೇಲೆ ಹೇಳಿದ ಬ್ರಿಟನ್ನಿನ ಲೆಕ್ಕದಲ್ಲಿಯೇ ಟ್ರೈಲೋಸ್ಟೇನ್ ಪಡೆದ ನಾಯಿಗಳಲ್ಲಿ 8 ದಿನಕ್ಕೆ ಹೋದದ್ದೂ ಇತ್ತು, 1,971 ದಿನದವರೆಗಿನ ಲೆಕ್ಕವೂ ಇತ್ತು. ಎರಡನೆಯದಾಗಿ, ಈ ರೋಗ ಬರುವುದೇ ಮುದಿತನದಲ್ಲಿ. ಹತ್ತು ಹನ್ನೊಂದು ವರ್ಷದ ನಾಯಿಗೆ ಎರಡು ವರ್ಷ ಸಣ್ಣ ಕಾಲವಲ್ಲ. ಅವುಗಳಲ್ಲಿ ಎಷ್ಟೋ ಈ ರೋಗದಿಂದಲ್ಲ, ಮೂತ್ರಪಿಂಡದಿಂದಲೋ ಹೃದಯದಿಂದಲೋ, ಎಂದರೆ ಮುಪ್ಪಿನ ಇತರ ರೋಗಗಳಿಂದ ಸಾಯುತ್ತವೆ. ಬ್ರಿಟನ್ನಿನ ಲೆಕ್ಕದಲ್ಲಿಯೂ ಆಯುಸ್ಸಿನ ಮೇಲೆ ಪ್ರಭಾವ ಬೀರಿದ್ದು ರೋಗ ಪತ್ತೆಯಾದಾಗಿನ ವಯಸ್ಸು. ಯಾವ ಔಷಧಿ ಎಂಬುದಲ್ಲ.

ಹಾಗಾದರೆ ಔಷಧಿಯನ್ನೇ ಕೊಡದಿದ್ದರೆ? ಜಪಾನಿನಿಂದ 2017ರಲ್ಲಿ ಬಂದ ಒಂದು ಚಿಕ್ಕ ಲೆಕ್ಕದಲ್ಲಿ ಚಿಕಿತ್ಸೆ ಇಲ್ಲದ ನಾಯಿಗಳ ಮಧ್ಯಾಂಕ 506 ದಿನ. ಟ್ರೈಲೋಸ್ಟೇನ್ ಪಡೆದವುಗಳಲ್ಲಿ ಲೆಕ್ಕ ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಔಷಧಿಯಿಂದ ಆಯುಸ್ಸು ಬೆಳೆಯುತ್ತದೆಂಬ ಕಡೆಗೆ ಇದು ಕೈತೋರಿಸುತ್ತದೆ. ಆದರೆ ಚಿಕಿತ್ಸೆ ಇಲ್ಲದೆಯೂ ನಾಯಿ ವರ್ಷಕ್ಕಿಂತ ಹೆಚ್ಚು ಬದುಕಬಹುದೆಂಬುದೂ ಇದರಿಂದಲೇ ತಿಳಿಯುತ್ತದೆ. ಆ ದಿನಗಳು ಎಂಥವು ಎಂಬುದು ಬೇರೆ ಮಾತು. ಬಾಯಾರಿಕೆ, ರಾತ್ರಿಯ ಪರದಾಟ, ತೇಕು, ಕೂದಲುದುರಿದ ಮೈ, ಬೇಗ ಮಾಯದ ಗಾಯ. ಔಷಧಿಯ ಮೊದಲ ಉಪಕಾರ ದಿನಗಳ ಎಣಿಕೆಯಲ್ಲಿಲ್ಲ. ಆ ದಿನಗಳನ್ನು ನೆಮ್ಮದಿಯಿಂದ ಕಳೆಯುವುದರಲ್ಲಿದೆ.

ಇದಕ್ಕೆ ಎದುರಾಗಿ ಕೊರತೆಯ ರೋಗದ ಲೆಕ್ಕವನ್ನಿಟ್ಟು ನೋಡಿ. ಅಡಿಸನ್ ರೋಗದ 205 ನಾಯಿಗಳ ಲೆಕ್ಕವನ್ನು 1997ರಲ್ಲಿ ಅಮೆರಿಕದ ಕಿಂಟ್ಜರ್ ಮತ್ತು ಪೀಟರ್ಸನ್ ಪ್ರಕಟಿಸಿದರು. ಇಲ್ಲಿ ಮಾಡಬೇಕಾದದ್ದು ಇಲ್ಲದ ಹಾರ್ಮೋನನ್ನು ಹೊರಗಿನಿಂದ ಒದಗಿಸುವುದು, ಅಷ್ಟೆ. ಮಧ್ಯಾಂಕ 4.7 ವರ್ಷ, ಹನ್ನೊಂದು ವರ್ಷಕ್ಕಿಂತ ಹೆಚ್ಚು ಬದುಕಿದ್ದೂ ಉಂಟು. ಕ್ಲೀವ್‌ಲೆಂಡಿನಲ್ಲಿ ದಿನಗಳಲ್ಲಿ ಎಣಿಸುತ್ತಿದ್ದ ಆಯುಸ್ಸು ಇಲ್ಲಿ ವರ್ಷಗಳಿಗೆ ಬಂದಿತ್ತು. ಆದರೆ ಈ ರೋಗ ಸಾಮಾನ್ಯವಾಗಿ ಎಳೆಯ ಅಥವಾ ನಡುವಯಸ್ಸಿನ ನಾಯಿಗಳದು. ಆದ್ದರಿಂದ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಮದ್ದು ಗೆದ್ದಿತು, ಆ ಮದ್ದು ಸೋತಿತು ಎಂದು ಹೇಳುವುದು ನ್ಯಾಯವಲ್ಲ.

ಗುಳಿಗೆ ಕೊಡುವುದನ್ನು ಬಿಟ್ಟು ರೋಗದ ಬೇರಿಗೇ ಹೋದವರೂ ಉಂಟು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ನಾಯಿಯ ಬಾಯಿಯ ಮೂಲಕ ಮಿದುಳಿನ ಬುಡಕ್ಕೆ ಹೋಗಿ ಪಿಟ್ಯುಯಿಟರಿಯನ್ನೇ ತೆಗೆಯುವ ಶಸ್ತ್ರಕ್ರಿಯೆಯನ್ನು ರೂಢಿಸಿದರು. 150 ನಾಯಿಗಳ ಲೆಕ್ಕ 2005ರಲ್ಲಿ ಬಂತು. ಒಂದು ವರ್ಷ ದಾಟಿದವು 100ಕ್ಕೆ 84, ನಾಲ್ಕು ವರ್ಷ ದಾಟಿದವು 68 ಎಂದು ಅಂದಾಜು. ಫಲ ದೊಡ್ಡದು; ಆದರೆ ಅಂಥ ನುರಿತ ಕೈಗಳು ಬಹಳ ಕಡಮೆ.

ಪಟ್ಟಣದ ಮನೆಗಳಲ್ಲಿ ನಾಯಿ ಸಾಕಿದವರು ತಿಳಿದಿರಬೇಕಾದ ಸಂಗತಿಯೊಂದು ಈ ಚರಿತ್ರೆಯ ಅಂಚಿನಲ್ಲಿದೆ. 1948ರ ಸೆಪ್ಟೆಂಬರಿನಲ್ಲಿ ಮೇಯೋ ಕ್ಲಿನಿಕ್ಕಿನ ಹೆಂಚ್ ಸಂಧಿವಾತದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದಾಗ, ಏಳಲಾರದವಳು ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಈ ವರ್ಗದ ಔಷಧಿಗಳು, ಎಂದರೆ ಸ್ಟೀರಾಯ್ಡುಗಳು, ಮನುಷ್ಯನ ಔಷಧಿಪೆಟ್ಟಿಗೆಗೂ ನಾಯಿಯ ಔಷಧಿಪೆಟ್ಟಿಗೆಗೂ ಸೇರಿದವು. ತುರಿಕೆ ಹತ್ತಿದ ನಾಯಿಗೆ ಒಂದು ಗುಳಿಗೆ ಕೊಟ್ಟರೆ ತುರಿಕೆ ಮಾಯ. ಮತ್ತೆ ಬಂದರೆ ಮತ್ತೆ ಗುಳಿಗೆ. ತಿಂಗಳುಗಟ್ಟಲೆ ಹೀಗೆಯೇ ನಡೆದರೆ ಯಾವ ಗೆಡ್ಡೆಯೂ ಇಲ್ಲದೆ ನಾಯಿಗೆ ಕುಷಿಂಗನ ಲಕ್ಷಣಗಳೆಲ್ಲ ಬರುತ್ತವೆ. ಒಳಗಿನ ಗ್ರಂಥಿ, ಹೊರಗಿನಿಂದ ಬರುತ್ತಿದೆಯಲ್ಲ ಎಂದು ಕೆಲಸ ಬಿಟ್ಟು ಸೊರಗಿ ಕುಳಿತಿರುತ್ತದೆ. ಆಗ ಗಾಬರಿಯಾಗಿ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಪಶುವೈದ್ಯರ ಮಾತು ಕೇಳಿ ಹಂತಹಂತವಾಗಿ ಇಳಿಸಬೇಕು. ಕೊಡುವುದಕ್ಕೆ ಮಾತ್ರವಲ್ಲ, ನಿಲ್ಲಿಸುವುದಕ್ಕೂ ಅಳತೆ ಬೇಕು.

ಅಳತೆ ಎಂಬ ಈ ಮಾತನ್ನು ಹಿಡಿದುಕೊಂಡು ಹಿಂದೆ ನೋಡಿದರೆ ನೂರೈವತ್ತು ವರ್ಷಗಳ ಈ ಚರಿತ್ರೆಯೆಲ್ಲ ಒಂದೇ ಎಳೆಯಲ್ಲಿ ಕಾಣುತ್ತದೆ. ಗ್ರಂಥಿ ಇಲ್ಲದಿದ್ದರೆ ಸಾವೆಂದು ನಾಯಿಗಳಿಂದ ತಿಳಿಯಿತು. ಅದರ ಸಾರ ಬದುಕಿಸಬಲ್ಲುದೆಂದೂ ನಾಯಿಗಳಿಂದಲೇ ತಿಳಿಯಿತು. ಕೀಟದ ವಿಷವೊಂದು ಆ ಗ್ರಂಥಿಯನ್ನು ಕರಗಿಸಬಲ್ಲುದೆಂಬುದನ್ನೂ ವಿಷ ತಿಂದ ನಾಯಿಗಳೇ ತೋರಿಸಿಕೊಟ್ಟವು. ಆ ನಾಯಿಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ. ವರದಿಗಳ ಪಟ್ಟಿಯಲ್ಲಿ ಅಂಕೆಗಳು ಮಾತ್ರ. ಅವುಗಳಿಗೆ ಈ ಋಣ ಸಂದಾಯವಾಗುವಂತಿಲ್ಲ. ಅವುಗಳ ಕುಲದ ಇನ್ನೊಂದು ನಾಯಿಗೆ ಸಂದರೆ ಸಂದಿತು.

ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ವಯಸ್ಸಾದ ನಾಯಿಯ ನೀರಿನ ಬೋಗುಣಿಗೆ ಬೆಳಿಗ್ಗೆ ಅಳೆದು ನೀರು ಹಾಕಿ, ಮರುದಿನ ಎಷ್ಟು ಉಳಿದಿದೆ ಎಂದು ನೋಡುವ ಅಭ್ಯಾಸವಿದ್ದರೆ ಸಾಕು. ನಾಲ್ಕಾರು ದಿನ ಎಡೆಬಿಡದೆ ನೀರಿನ ಖರ್ಚು ಏರಿದರೆ ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯದೆ ಪಶುವೈದ್ಯರಿಗೆ ತೋರಿಸಬೇಕು. ಕುಷಿಂಗನ ರೋಗವಾಗಲಿ, ಸಕ್ಕರೆ ಕಾಯಿಲೆಯಾಗಲಿ, ಮೂತ್ರಪಿಂಡದ ರೋಗವಾಗಲಿ, ಮೊದಲು ಸುದ್ದಿ ಕೊಡುವುದು ಆ ಬೋಗುಣಿಯೇ.